ಬಾಗಿಲ ಮೇಲಿನ ಹೆಸರು

1928ರಲ್ಲಿ, 23 ವರ್ಷದ ಫ್ರೆಂಚ್ ಯುವಕನೊಬ್ಬ ತನ್ನ ಗೆಳೆಯನೊಡನೆ ಕೂಡಿ ಪ್ಯಾರಿಸ್ಸಿನಲ್ಲಿ ಚಿತ್ರಗಳನ್ನು ಮಾರುವ ಅಂಗಡಿಯೊಂದನ್ನು ತೆರೆಯಲು ಹೊರಟ. ತಂದೆ ಸಿರಿವಂತ. ಬಂಡವಾಳ ಕೊಡಲು ಒಪ್ಪಿದ. ಆದರೆ ಒಂದು ನಿಬಂಧನೆ ಹಾಕಿದ: ಅಂಗಡಿಯ ಬಾಗಿಲ ಮೇಲೆ ಮನೆತನದ ಹೆಸರು ಕಾಣಿಸಿಕೊಳ್ಳಕೂಡದು. ಮನೆತನದ ಹೆಸರನ್ನು ಅಂಗಡಿಯ ಹಲಗೆಯ ಮೇಲೆ ಬರೆಸುವುದಕ್ಕಿಂತ ದೊಡ್ಡ ಅವಮಾನ ಬೇರೆಯಿಲ್ಲವೆಂದು ತಾಯಿಯ ಭಾವನೆ. ಆದುದರಿಂದ ಆ ಅಂಗಡಿ ಗೆಳೆಯ ಝಾಕ್ ಬೊನ್‌ಝಾನನ ಹೆಸರಿನಲ್ಲಿ ನಡೆಯಿತು. ಮುಚ್ಚಿಟ್ಟ ಆ ಹೆಸರು ದಿಯೋರ್. ಅದೇ ಹೆಸರು ಮುಂದೆ 20 ವರ್ಷ ತುಂಬುವುದರೊಳಗೆ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲೂ ಮನೆಮಾತಾಯಿತು. ಇಂದು ಅದು ಸುಗಂಧದ ಸೀಸೆಯ ಮೇಲೆ, ಕೈಚೀಲದ ಮೇಲೆ, ಕನ್ನಡಕದ ಕಡ್ಡಿಯ ಮೇಲೆ ಅಚ್ಚಾಗಿ ನಮ್ಮ ಊರುಗಳ ಅಂಗಡಿಬೀದಿಗೂ ಬಂದಿದೆ. ಅಸಲಿಗಿಂತ ನಕಲಿಯೇ ಹೆಚ್ಚಾಗಿ ಬಂದಿದೆಯೆಂಬುದು ಬೇರೆ ಮಾತು.

ಜೀವಮಾನವೆಲ್ಲ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನಿಗೆ ಪ್ಯಾರಿಸ್ಸಿನ ಹೊಲಿಗೆಮನೆಯ ಗೊಡವೆಯೇಕೆ ಎಂದು ಕೇಳುಗರು ಪ್ರಶ್ನಿಸಬಹುದು. ಹೊಲಿಗೆಯ ದಾರಿಯಿಂದ ನಾನು ಇಲ್ಲಿಗೆ ಬಂದವನಲ್ಲ. ಆತ್ಮಕಥೆಗಳನ್ನು ಓದುವ ಚಟ ನನ್ನನ್ನು ಇಲ್ಲಿಗೆ ತಂದಿತು. ಕ್ರಿಸ್ತಿಯನ್ ದಿಯೋರ್ 1956ರಲ್ಲಿ ತನ್ನ ನೆನಪುಗಳನ್ನು ಬರೆದು ಪ್ರಕಟಿಸಿದ. ಅದರ ಹೆಸರನ್ನು ಕನ್ನಡಕ್ಕೆ ತರುವುದಾದರೆ 'ಕ್ರಿಸ್ತಿಯನ್ ದಿಯೋರ್ ಮತ್ತು ನಾನು' ಎಂದಾಗುತ್ತದೆ. ಸಂಕೋಚದ ಸ್ವಭಾವದ, ತೋಟವನ್ನೂ ಒಳ್ಳೆಯ ಊಟವನ್ನೂ ಗೆಳೆಯರ ಹರಟೆಯನ್ನೂ ಪ್ರೀತಿಸುವ 'ನಾನು' ಒಬ್ಬ. ಪತ್ರಿಕೆಗಳಲ್ಲಿ, ಜಾಹೀರಾತಿನಲ್ಲಿ, ಲೆಕ್ಕಪತ್ರಗಳಲ್ಲಿ ಬಾಳುವ 'ದಿಯೋರ್' ಮತ್ತೊಬ್ಬ. ಇಬ್ಬರಿಗೂ ಅಷ್ಟಾಗಿ ಸರಿಬೀಳುವುದಿಲ್ಲ. ಈ ಇಬ್ಬರನ್ನೂ ಬೇರೆಬೇರೆಯಾಗಿ ನಿಲ್ಲಿಸಿ ನೋಡುವ ಪ್ರಾಮಾಣಿಕತೆ ಆ ಪುಸ್ತಕದಲ್ಲಿ ನನಗೆ ಹಿಡಿಸಿತು.

ಮೊದಲು ಅವನ ಕಸುಬಿನ ಬಗೆಗೆ ಎರಡು ಮಾತು. ಫ್ರೆಂಚರು ಅದನ್ನು 'ಓತ್ ಕುತ್ಯೂರ್' ಎನ್ನುತ್ತಾರೆ. ಉನ್ನತವಾದ ಹೊಲಿಗೆ ಎಂದು ಅದರ ಅರ್ಥ. ಒಬ್ಬಳೇ ಹೆಣ್ಣಿನ ಅಳತೆಗೆ, ಬಹುಮಟ್ಟಿಗೆ ಕೈಯಿಂದಲೇ ಹೊಲಿದ ಉಡುಪು ಅದು. ವಿನೋದವೆಂದರೆ, ಫ್ರೆಂಚರ ಹೆಮ್ಮೆಯಾದ ಈ ಕಲೆಯ ಮೂಲಪುರುಷ ಒಬ್ಬ ಇಂಗ್ಲಿಷಿನವ. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬಾತ 1850ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಮನೆಯನ್ನು ತೆರೆದು ಸಾಮ್ರಾಜ್ಞಿ ಯೂಜೆನಿಯ ಉಡುಪುಗಳನ್ನು ಹೊಲಿದ. ಅಲ್ಲಿಯವರೆಗೆ ದರ್ಜಿ ಎಂದರೆ ಗಿರಾಕಿ ಹೇಳಿದಂತೆ ಹೊಲಿಯುವವನು. ವರ್ತ್ ಆ ಸಂಬಂಧವನ್ನು ತಿರುಗಿಸಿದ. ಏನನ್ನು ಉಡಬೇಕೆಂದು ತಾನೇ ಯೋಚಿಸಿ, ಮಾದರಿಗಳನ್ನು ಮೊದಲೇ ಸಿದ್ಧಪಡಿಸಿ, ಜೀವಂತ ಹುಡುಗಿಯರಿಗೆ ತೊಡಿಸಿ ತೋರಿಸಿದ. ಚಿತ್ರಕಾರ ಚಿತ್ರದ ಮೂಲೆಯಲ್ಲಿ ಸಹಿ ಮಾಡುವಂತೆ ಉಡುಪಿನ ಒಳಗೆ ತನ್ನ ಹೆಸರಿನ ಪಟ್ಟಿಯನ್ನು ಹೊಲಿಸಿದ. ಹೆಸರು ಬಟ್ಟೆಗೆ ಅಂಟಿಕೊಂಡದ್ದು ಅಂದಿನಿಂದ. ಈ ಕಸುಬಿನವರ ಸಂಘ 1868ರಲ್ಲಿ ಹುಟ್ಟಿತು. 1945ರಿಂದ ಈಚೆಗೆ 'ಓತ್ ಕುತ್ಯೂರ್' ಎಂಬ ಮಾತಿಗೇ ಫ್ರಾನ್ಸಿನಲ್ಲಿ ಕಾನೂನಿನ ರಕ್ಷಣೆಯಿದೆ. ಪ್ಯಾರಿಸ್ಸಿನಲ್ಲಿ ಸ್ವಂತ ಹೊಲಿಗೆಮನೆ, ಗೊತ್ತಾದ ಸಂಖ್ಯೆಯ ಕೆಲಸಗಾರರು, ವರ್ಷಕ್ಕೆ ಎರಡು ಪ್ರದರ್ಶನಗಳು ಇಲ್ಲದವರು ಆ ಮಾತನ್ನು ಬಳಸುವಂತಿಲ್ಲ.

ಇನ್ನು ಕಥೆಗೆ ಬರೋಣ. ದಿಯೋರ್ ಹುಟ್ಟಿದ್ದು 1905ರ ಜನವರಿ 21ರಂದು, ನಾರ್ಮಂಡಿಯ ಕಡಲತೀರದ ಗ್ರಾನ್‌ವಿಲ್ ಎಂಬ ಊರಿನಲ್ಲಿ. ತಂದೆಯದು ಗೊಬ್ಬರದ ಕಾರಖಾನೆ. ಕಡಲಹಕ್ಕಿಗಳ ಹಿಕ್ಕೆಯನ್ನು ದೂರದೇಶದಿಂದ ತರಿಸಿ ಗೊಬ್ಬರ ಮಾಡಿ ಮಾರಿ ಆ ಕುಟುಂಬ ಶ್ರೀಮಂತವಾಗಿತ್ತು. ಮುಂದೆ ಜಗತ್ತಿಗೆ ಸುಗಂಧವನ್ನು ಮಾರಿದ ಹೆಸರಿನ ಮೂಲದಲ್ಲಿ ಇಂಥ ವಾಸನೆಯೂ ಇದೆ. ಕಡಲಿಗೆ ಎದುರಾಗಿ ನಿಂತ ಅವರ ಮನೆಗೆ ನಸುಗೆಂಪು ಬಣ್ಣ; ತಾಯಿ ಮದ್ಲೆನ್ ಅಲ್ಲಿ ಗಾಳಿಗೆ ಎದುರಾಗಿ ಗುಲಾಬಿಯ ತೋಟವನ್ನು ಬೆಳೆಸಿದಳು. ಆ ನಸುಗೆಂಪು, ಅದರ ಜೊತೆಯ ಬೂದುಬಣ್ಣ, ಹೂವಿನ ಆಕಾರಗಳು, ಇವು ಮೂರೂ ಮಗನ ಕೈಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಮಗ ರಾಯಭಾರಿಯಾಗಬೇಕೆಂದು ಹೆತ್ತವರ ಆಸೆ. ಅವನಿಗೆ ರಾಜ್ಯಶಾಸ್ತ್ರದ ಓದಿಗಿಂತ ಚಿತ್ರಕಾರರ, ಕವಿಗಳ, ಸಂಗೀತಗಾರರ ಸಹವಾಸವೇ ಹಿತವಾಯಿತು. ಆಗ ತೆರೆದದ್ದೇ ನಾನು ಮೊದಲು ಹೇಳಿದ ಚಿತ್ರದಂಗಡಿ. 1931ರ ಸುಮಾರಿಗೆ ಎಲ್ಲವೂ ಒಟ್ಟಿಗೆ ಕುಸಿಯಿತು. ತಾಯಿ ತೀರಿಕೊಂಡಳು, ಜಗತ್ತಿನ ಆರ್ಥಿಕ ಮುಗ್ಗಟ್ಟಿನಲ್ಲಿ ತಂದೆ ದಿವಾಳಿಯಾದ, ಅಂಗಡಿ ಮುಚ್ಚಿತು, ಕೆಲವು ವರ್ಷಗಳಲ್ಲೇ ಮಗನಿಗೆ ಕ್ಷಯ ತಗುಲಿತು. ಗುಣವಾಗಿ ಬಂದವನಿಗೆ ವಯಸ್ಸು 30, ಕೈಯಲ್ಲಿ ಉದ್ಯೋಗವಿಲ್ಲ. ಗೆಳೆಯನೊಬ್ಬನ ಮನೆಯಲ್ಲಿ ಕುಳಿತು ಟೋಪಿಗಳ, ಉಡುಪುಗಳ ಚಿತ್ರ ಬರೆಯುವುದನ್ನು ಕಲಿತು ಹಾಳೆಗೆ ಇಷ್ಟೆಂದು ಮಾರತೊಡಗಿದ. 1938ರಲ್ಲಿ ರೊಬೇರ್ ಪಿಗೆ ಎಂಬ ಉಡುಪುಕಾರ ಅವನನ್ನು ಕೆಲಸಕ್ಕೆ ಸೇರಿಸಿಕೊಂಡ. ಮರುವರ್ಷ ಯುದ್ಧ ಬಂತು.

ಈ ಯುದ್ಧದ ಭಾಗವನ್ನು ಫ್ಯಾಷನ್ನಿನ ಬಗೆಗೆ ಬರೆಯುವವರು ಬೇಗ ದಾಟಿಬಿಡುತ್ತಾರೆ. ನನಗೆ ಹಾಗೆ ದಾಟಲು ಮನಸ್ಸಾಗುವುದಿಲ್ಲ. 1940ರಲ್ಲಿ ಪ್ಯಾರಿಸ್ಸನ್ನು ಹಿಡಿದ ಜರ್ಮನರು ಅಲ್ಲಿನ ಹೊಲಿಗೆಮನೆಗಳನ್ನೆಲ್ಲ ಬರ್ಲಿನ್ನಿಗೂ ವಿಯೆನ್ನಾಕ್ಕೂ ಸಾಗಿಸಬೇಕೆಂದಿದ್ದರು. ಕಸುಬಿನವರ ಸಂಘದ ಅಧ್ಯಕ್ಷನಾಗಿದ್ದ ಲ್ಯೂಸಿಯನ್ ಲಲಾಂಗ್ ಅದನ್ನು ತಡೆದ. ಈ ವಿದ್ಯೆ ಒಬ್ಬಿಬ್ಬರ ತಲೆಯಲ್ಲಿ ಇರುವಂಥದಲ್ಲ. ಕಸೂತಿಯವರು, ಗುಂಡಿ ಮಾಡುವವರು, ಗರಿ ಕಟ್ಟುವವರು, ರಿಬ್ಬನ್ ನೇಯುವವರು, ಇಂಥ ನೂರಾರು ಸಣ್ಣ ಕಸುಬುಗಳ ನೆರೆಹೊರೆಯಲ್ಲಿ ಬೆಳೆದದ್ದು. ಬೇರು ಕಿತ್ತು ಒಯ್ದರೆ ಒಣಗುತ್ತದೆ ಎಂಬುದು ಅವನ ವಾದದ ತಿರುಳು. ಮಾತು ನಿಜವಾಗಿತ್ತು, ಜರ್ಮನರೂ ಒಪ್ಪಬೇಕಾಯಿತು. ಆದರೆ ಉಳಿದದ್ದಕ್ಕೆ ಬೆಲೆ ತೆರಬೇಕಾಯಿತು. ಆ ವರ್ಷಗಳಲ್ಲಿ ಬೆಲೆಬಾಳುವ ಉಡುಪು ಹೊಲಿಸಬಲ್ಲವರು ಯಾರು? ಕಾಳಸಂತೆಯಲ್ಲಿ ದುಡ್ಡು ಮಾಡಿದವರ, ಆಕ್ರಮಿಸಿದವರ, ಅವರೊಡನೆ ಕೈಗೂಡಿಸಿದವರ ಹೆಂಡಿರು. ದಿಯೋರ್ ಮೊದಲು ದಕ್ಷಿಣದ ಹಳ್ಳಿಯೊಂದರಲ್ಲಿ ತಂದೆ ಮತ್ತು ತಂಗಿಯೊಡನೆ ಅವರೆ, ಬಟಾಣಿ ಬೆಳೆದು ಮಾರಿ ಕಾಲ ಹಾಕುತ್ತಿದ್ದ. ಆಮೇಲೆ ಪ್ಯಾರಿಸ್ಸಿಗೆ ಮರಳಿ ಲಲಾಂಗನ ಮನೆಯಲ್ಲಿ ಮಾದರಿ ಬರೆಯುವವನಾದ. ಅವನು ರೂಪಿಸಿದ ಉಡುಪುಗಳನ್ನು ಅಂಥವರೂ ಉಟ್ಟರು.

ಅದೇ ಕಾಲಕ್ಕೆ ಅವನ ತಂಗಿ ಕತ್ರೀನ್ ಜರ್ಮನರ ವಿರುದ್ಧದ ಗುಪ್ತ ಹೋರಾಟದಲ್ಲಿದ್ದಳು. 1944ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಸಿಕ್ಕಿಬಿದ್ದಳು. ಚಿತ್ರಹಿಂಸೆಗೆ ಜಗ್ಗದೆ ಯಾರ ಹೆಸರನ್ನೂ ಬಾಯಿಬಿಡಲಿಲ್ಲ. ನಗರ ಬಿಡುಗಡೆಯಾಗುವುದಕ್ಕೆ ಕೆಲವೇ ದಿನ ಮುಂಚೆ ಅವಳನ್ನು ರಾವೆನ್ಸ್‌ಬ್ರುಕ್ ಸೆರೆಶಿಬಿರಕ್ಕೆ ಸಾಗಿಸಿದರು. 1945ರ ಮೇ ತಿಂಗಳಲ್ಲಿ ಅವಳು ಹಿಂತಿರುಗಿದಾಗ ಗುರುತು ಸಿಗದಷ್ಟು ಕೃಶಳಾಗಿದ್ದಳು. ಮುಂದೆ ಅವಳು ಪ್ಯಾರಿಸ್ಸಿನ ಸಗಟು ಪೇಟೆಯಲ್ಲಿ ಹೂವಿನ ವ್ಯಾಪಾರ ಮಾಡಿಕೊಂಡು, ಶಿಬಿರದ ಮಾತನ್ನು ಹೆಚ್ಚು ಆಡದೆ, 2008ರವರೆಗೆ ಬದುಕಿದ್ದಳು. ಒಂದೇ ಮನೆಯ ಅಣ್ಣತಂಗಿಯರ ಈ ಎರಡು ದಾರಿಗಳನ್ನು ನೋಡಿದಾಗ ಅಣ್ಣನನ್ನು ಅಪರಾಧಿಯೆನ್ನಲು ನನಗೆ ಬಾಯಿ ಬರುವುದಿಲ್ಲ. ಲಲಾಂಗನ ಮನೆಯಲ್ಲಿ ಸೂಜಿ ಹಿಡಿದ ಹೆಂಗಸರಿಗೂ ಅನ್ನ ಬೇಕಿತ್ತು. ಆದರೂ ಆ ಮನೆಯ ಹೆಸರಿಗೆ ಗೌರವ ತಂದವರು ಯಾರು ಎಂದು ಕೇಳಿದರೆ ನನ್ನ ಮನಸ್ಸು ತಂಗಿಯ ಕಡೆಗೇ ಹೋಗುತ್ತದೆ.

ಯುದ್ಧ ಮುಗಿಯುತ್ತಿದ್ದಂತೆ, 1945ರ ಮಾರ್ಚಿನಲ್ಲಿ, ಪ್ಯಾರಿಸ್ಸಿನ ಉಡುಪುಕಾರರೆಲ್ಲ ಕೂಡಿ ಒಂದು ವಿಚಿತ್ರ ಪ್ರದರ್ಶನ ನಡೆಸಿದರು. ಬಟ್ಟೆಯಿಲ್ಲ, ತೊಗಲಿಲ್ಲ, ಕಲ್ಲಿದ್ದಲಿಲ್ಲ. ತಂತಿಯಿಂದ ಬೊಂಬೆಗಳನ್ನು ಮಾಡಿ, ಮನುಷ್ಯರ ಮೂರನೆಯ ಒಂದು ಪಾಲಿನಷ್ಟು ಎತ್ತರದ ಆ ಬೊಂಬೆಗಳಿಗೆ ನಿಜವಾದ ಉಡುಪುಗಳನ್ನು ಹೊಲಿದು ತೊಡಿಸಿದರು. ಪುಟ್ಟ ಗುಂಡಿಗಳನ್ನು ಹಾಕಬಹುದು, ತೆಗೆಯಬಹುದು. ಈ ಬೊಂಬೆಗಳು ಊರೂರು ಸುತ್ತಿ ಕೊನೆಗೆ ಅಮೆರಿಕದ ಒಂದು ವಸ್ತುಸಂಗ್ರಹಾಲಯ ಸೇರಿದವು. ನಮ್ಮ ದಸರಾ ಬೊಂಬೆಗಳನ್ನು ಕಂಡವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಹಸಿದ ನಗರವೊಂದು ತನ್ನ ಕೈಚಳಕ ಇನ್ನೂ ಸತ್ತಿಲ್ಲವೆಂದು ಹೇಳಿಕೊಂಡ ಬಗೆ ಅದು.

ಇಂಥ ಹೊತ್ತಿನಲ್ಲಿ ದಿಯೋರನ ಬಾಳಿನಲ್ಲಿ ಮಾರ್ಸೆಲ್ ಬುಸಾಕ್ ಪ್ರವೇಶಿಸಿದ. ಹತ್ತಿಯ ದೊರೆ ಎಂದೇ ಹೆಸರಾದ ಗಿರಣಿಗಳ ಒಡೆಯ ಅವನು. ಮುಪ್ಪಾಗಿ ನಿಂತಿದ್ದ ಹಳೆಯ ಹೊಲಿಗೆಮನೆಯೊಂದಕ್ಕೆ ಜೀವ ತುಂಬುವವನನ್ನು ಹುಡುಕುತ್ತಿದ್ದ. ಹಳೆಯದನ್ನು ರಿಪೇರಿ ಮಾಡುವ ಕೆಲಸ ತನ್ನಿಂದಾಗದು, ಹೊಸದಾಗಿ, ಚಿಕ್ಕದಾಗಿ, ತನ್ನದೇ ಹೆಸರಿನಲ್ಲಿ ಮನೆ ಕಟ್ಟುವುದಾದರೆ ಬರುತ್ತೇನೆ ಎಂದು ಸಂಕೋಚದ ಮನುಷ್ಯ ದಿಯೋರ್ ಅವನೆದುರು ಹೇಳಿಬಿಟ್ಟ. ಹೇಳಿ ಬಂದಮೇಲೆ ಹೆದರಿದ. ಅವನಿಗೆ ಶಕುನಗಳಲ್ಲಿ, ಕಣಿ ಹೇಳುವ ಹೆಂಗಸರಲ್ಲಿ ಅಪಾರ ನಂಬಿಕೆ. ಬೀದಿಯಲ್ಲಿ ನಡೆಯುತ್ತಿದ್ದಾಗ ಕಾಲಿಗೆ ತಾಗಿದ ನಕ್ಷತ್ರಾಕಾರದ ಕಬ್ಬಿಣದ ತುಂಡನ್ನು ಅವನು ಶುಭಶಕುನವೆಂದು ಎತ್ತಿಟ್ಟುಕೊಂಡ. ಕೊನೆಯವರೆಗೂ ಅದು ಅವನ ಬಳಿಯಿತ್ತು. ಬುಸಾಕ್ ಒಪ್ಪಿದ. ತಾಯಿಗೆ ಅಪಮಾನವಾಗಿ ಕಂಡಿದ್ದುದು ಅವಳು ಸತ್ತ 15 ವರ್ಷಗಳ ಮೇಲೆ ನಡೆದೇಹೋಯಿತು: 1946ರಲ್ಲಿ, ಮೊಂತೇನ್ ಬೀದಿಯ 30ನೆಯ ಸಂಖ್ಯೆಯ ಮನೆಯ ಬಾಗಿಲ ಮೇಲೆ ಆ ಹೆಸರು ಬಂತು.

ಮೊಂತೇನ್ ಎಂದರೆ ನಮ್ಮ ಪ್ರಬಂಧಸಾಹಿತ್ಯದ ಓದುಗರೆಲ್ಲ ಬಲ್ಲ ಅದೇ ಮೊಂತೇನ್, ಪ್ರಬಂಧಪ್ರಕಾರದ ಪಿತಾಮಹ. ಉಡುಪು ಧರಿಸುವ ರೂಢಿಯ ಬಗೆಗೇ ಅವನ ಪ್ರಬಂಧವೊಂದಿದೆ. ಉಡಿಗೆತೊಡಿಗೆಯ ದುಂದನ್ನು ತಡೆಯುವ ಕಾನೂನುಗಳ ಬಗೆಗೆ ಇನ್ನೊಂದಿದೆ. ರಾಜರಿಗೆ ಮಾತ್ರ ಮಖಮಲ್ಲು, ಉಳಿದವರಿಗೆ ನಿಷೇಧ ಎಂದು ಕಟ್ಟಳೆ ಮಾಡಿದರೆ ಎಲ್ಲರಿಗೂ ಮಖಮಲ್ಲಿನ ಮೇಲೆಯೇ ಆಸೆ ಹುಟ್ಟುತ್ತದೆಂದು ಆ ಎರಡನೆಯದರಲ್ಲಿ ಅವನ ವಾದ. ಮುಂದೆ ಅವನ ಹೆಸರಿನ ಬೀದಿಯಲ್ಲಿ ನಡೆದದ್ದನ್ನು ಈ ಮಾತು ಹೆಚ್ಚುಕಡಿಮೆ ವಿವರಿಸಿಬಿಡುತ್ತದೆ.

ಆ ಮನೆಯೊಳಗಿನ ಕೆಲಸದ ಕ್ರಮವನ್ನು ಸ್ವಲ್ಪ ನೋಡಬೇಕು. ದಿಯೋರ್ ಸೂಜಿ ಹಿಡಿದು ಹೊಲಿಯುವವನಲ್ಲ. ಹಳ್ಳಿಮನೆಗೆ ಹೋಗಿ ಏಕಾಂತದಲ್ಲಿ ನೂರಾರು ಚಿಕ್ಕ ರೇಖಾಚಿತ್ರಗಳನ್ನು ಗೀಚಿ ತರುತ್ತಿದ್ದ. ಅವನ್ನು ಮಾರ್ಗರಿತ್ ಕಾರೆ ಎಂಬ ನುರಿತ ಹೆಂಗಸು ಹೊಲಿಗೆಕೋಣೆಗಳ ಮುಖ್ಯಸ್ಥರಿಗೆ ಹಂಚುತ್ತಿದ್ದಳು. ಬಿಗಿಯಾದ ಕೋಟುಗಳನ್ನು ಹೊಲಿಯುವ ಕೋಣೆ ಬೇರೆ, ಜೋಲುವ ಮೃದುವಾದ ಉಡುಪುಗಳ ಕೋಣೆ ಬೇರೆ. ಮೊದಲು ಬಣ್ಣವಿಲ್ಲದ ಸಾದಾ ಹತ್ತಿಬಟ್ಟೆಯಲ್ಲಿ ಉಡುಪಿನ ಕರಡನ್ನು ಹೊಲಿಯಬೇಕು. ಕರಡು ಎಂಬ ನಮ್ಮ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಬರವಣಿಗೆಯಲ್ಲಿ ಹೇಗೋ ಹಾಗೆಯೇ ಅದನ್ನು ಹರಿಯುತ್ತಾರೆ, ಗುಂಡುಸೂಜಿ ಚುಚ್ಚಿ ತಿದ್ದುತ್ತಾರೆ, ಹಲವನ್ನು ಮೂಲೆಗೆಸೆಯುತ್ತಾರೆ. ಉಳಿದುಬಂದ ಕರಡಿಗೆ ಮಾತ್ರ ರೇಷ್ಮೆಯ ಅಥವಾ ಉಣ್ಣೆಯ ಭಾಗ್ಯ. ಹೊಲಿಯುವ ಹುಡುಗಿಯರನ್ನು ಫ್ರೆಂಚಿನಲ್ಲಿ 'ಪುಟ್ಟ ಕೈಗಳು' ಎನ್ನುತ್ತಾರೆ. ಒಂದು ಉಡುಪಿಗೆ ನೂರಾರು ಗಂಟೆ ಹಿಡಿಯುವುದುಂಟು. ನವೆಂಬರ್ 25ರ ಸಂತ ಕ್ಯಾಥರೀನಳ ಹಬ್ಬದಂದು, 25 ತುಂಬಿಯೂ ಮದುವೆಯಾಗದ ಹುಡುಗಿಯರು ಹಸುರು ಹಳದಿ ಟೋಪಿ ತೊಟ್ಟು ಕುಣಿಯುತ್ತಾರೆ. ಆ ದಿನ ಯಜಮಾನ ಕೋಣೆ ಕೋಣೆಗೂ ಹೋಗಿ ಅವರೊಡನೆ ಕೂಡುತ್ತಿದ್ದನಂತೆ. ಆ ಒಂದು ದಿನ.

1947ರ ಫೆಬ್ರವರಿ 12. ಕೊರೆಯುವ ಚಳಿಗಾಲ. ಪ್ಯಾರಿಸ್ಸಿನಲ್ಲಿ ರೊಟ್ಟಿಗೂ ಪಡಿತರ. ಆ ಬೆಳಗ್ಗೆ ಬೂದುಬಣ್ಣದ ಹಜಾರದಲ್ಲಿ ಕಿಕ್ಕಿರಿದ ಜನರ ಮುಂದೆ ಸುಮಾರು 90 ಮಾದರಿಗಳನ್ನು ತೋರಿಸಿದರು. ಯುದ್ಧಕಾಲದ ಹೆಂಗಸರ ಉಡುಪು ಸಿಪಾಯಿಯದರಂತೆ ಇತ್ತು: ಅಗಲವಾದ ಚೌಕ ಭುಜ, ಮೊಣಕಾಲಿಗೆ ನಿಲ್ಲುವ ಬಿಗಿಯಾದ ಲಂಗ. ದಿಯೋರನ ಹುಡುಗಿಯರು ಬಂದಾಗ ಭುಜ ಇಳಿದಿತ್ತು, ಸೊಂಟ ಹಿಡಿಯಷ್ಟಾಗಿತ್ತು, ಲಂಗ ಮೀನಖಂಡದ ಕೆಳಗಿನವರೆಗೆ ಹೂವಿನ ದಳದಂತೆ ಅರಳಿತ್ತು. ಅವರು ಗಿರಕಿ ಹೊಡೆದಾಗ ಲಂಗದ ಅಂಚು ತಾಗಿ ಬೂದಿಬಟ್ಟಲುಗಳು ಉರುಳಿಬಿದ್ದವೆಂದು ನೋಡಿದವರು ಬರೆದಿದ್ದಾರೆ. ಇದಕ್ಕೆ ದಿಯೋರ್ ಇಟ್ಟ ಹೆಸರು 'ಕೊರೋಲ್', ಪುಷ್ಪದಳ ಎಂದು. ಆದರೆ ಅಮೆರಿಕದ ಒಂದು ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಇದನ್ನು 'ನ್ಯೂ ಲುಕ್', ಹೊಸ ನೋಟ, ಎಂದು ಕರೆದಳು. ಲೋಕದಲ್ಲಿ ಉಳಿದದ್ದು ಅವಳಿಟ್ಟ ಹೆಸರು. ಆ ಸಂಗ್ರಹದ 'ಶೆರಿ' ಎಂಬ ಒಂದೇ ಉಡುಪಿಗೆ 13 ಗಜಕ್ಕೂ ಹೆಚ್ಚು ಬಟ್ಟೆ ಹಿಡಿದಿತ್ತು. ನಮ್ಮ ಆರು ಗಜದ ಎರಡು ಸೀರೆಗಿಂತ ಹೆಚ್ಚು!

ಜನ ಮರುಳಾದರು, ಜನ ಸಿಟ್ಟೂ ಆದರು. ಪ್ಯಾರಿಸ್ಸಿನ ಲಪಿಕ್ ಬೀದಿಯ ಸಂತೆಯಲ್ಲಿ ಈ ಉಡುಪು ತೊಟ್ಟ ಹುಡುಗಿಯ ಮೈಮೇಲೆ ಹೆಂಗಸರು ಬಿದ್ದು ಬಟ್ಟೆಯನ್ನು ಹರಿದರು; ಅದರ ಛಾಯಾಚಿತ್ರಗಳಿವೆ. ಇಂಗ್ಲೆಂಡಿನಲ್ಲಿ 1949ರವರೆಗೂ ಬಟ್ಟೆಗೆ ಕೂಪನ್ ಇತ್ತು. ಅಲ್ಲಿ ವಾಣಿಜ್ಯದ ಹೊಣೆ ಹೊತ್ತಿದ್ದ ಸ್ಟಾಫರ್ಡ್ ಕ್ರಿಪ್ಸ್ ಉದ್ದ ಲಂಗವನ್ನು ವಿರೋಧಿಸಿದ. 1942ರಲ್ಲಿ ಸಂಧಾನಕ್ಕೆಂದು ದೆಹಲಿಗೆ ಬಂದಿದ್ದ ಕ್ರಿಪ್ಸ್ ಇವನೇ. ಇಲ್ಲಿ ಫಲಿಸದ ಅವನ ಮಾತು ಅಲ್ಲಿಯೂ ಫಲಿಸಲಿಲ್ಲ. ರಾಜಮನೆತನದ ಹೆಂಗಸರೇ ಲಂಡನ್ನಿನ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಈ ಉಡುಪುಗಳನ್ನು ಖಾಸಗಿಯಾಗಿ ನೋಡಿ ಬಂದರು. 1951ರಲ್ಲಿ ರಾಜಕುಮಾರಿ ಮಾರ್ಗರೆಟ್ ತನ್ನ 21ನೆಯ ಹುಟ್ಟುಹಬ್ಬಕ್ಕೆ ತೊಟ್ಟದ್ದು ದಿಯೋರನ ಉಡುಪು. ಹತ್ತಿಯ ದೊರೆಯ ಹಣದಿಂದ ನಡೆಯುವ ಮನೆ ಇಷ್ಟೊಂದು ಬಟ್ಟೆ ಬೇಡುವ ಲಂಗವನ್ನು ಹೊರತಂದದ್ದರಲ್ಲಿ ಲೆಕ್ಕಾಚಾರವಿತ್ತೆಂದು ಹೇಳುವವರಿದ್ದಾರೆ. ಇದ್ದರೂ ಇರಬಹುದು. ಆದರೆ ಲೆಕ್ಕಾಚಾರವೊಂದರಿಂದಲೇ ಜನ ಆ ಪರಿ ಮುಗಿಬೀಳುವುದಿಲ್ಲ. ವರ್ಷಗಟ್ಟಲೆ ತೇಪೆ ಹಾಕಿ ಉಟ್ಟವರಿಗೆ ಸಮೃದ್ಧಿಯ ಕನಸು ಬೇಕಿತ್ತು.

ನನ್ನ ತಕರಾರು ಬೇರೆ. ಫ್ರೆಂಚ್ ಹೆಂಗಸರಿಗೆ ಮತದ ಹಕ್ಕು ದೊರೆತದ್ದು 1944ರಲ್ಲಿ. ಮೊದಲ ಸಲ ಅವರು ಮತ ಹಾಕಿದ್ದು 1945ರಲ್ಲಿ. ಕಾರಖಾನೆಯಲ್ಲಿ ದುಡಿದು, ಸೈಕಲ್ ತುಳಿದು, ಕತ್ರೀನಳಂತೆ ಹೋರಾಡಿ ಬಂದ ಹೆಣ್ಣಿನ ಸೊಂಟವನ್ನು 1947ರಲ್ಲಿ ಮತ್ತೆ ಬಿಗಿದು ಕಟ್ಟಿದರು. ಅವಳಜ್ಜಿ ಬಿಚ್ಚಿ ಎಸೆದಿದ್ದ ಪಟ್ಟಿಗೆ ಹೊಸ ಹೆಸರು ಬಂತು. ಕೊಕೊ ಶನೆಲ್ ಈ ಬಿಗಿತವನ್ನು ಕುಟುಕಿದಳು. 1954ರಲ್ಲಿ, 70 ವರ್ಷ ದಾಟಿದ ಮೇಲೆ, ಮುಚ್ಚಿದ್ದ ತನ್ನ ಮನೆಯ ಬಾಗಿಲನ್ನು ತೆರೆದು, ಹೆಣ್ಣು ಜೇಬಿನಲ್ಲಿ ಕೈಯಿಟ್ಟು ನಡೆಯಬಹುದಾದ ಸಡಿಲವಾದ ಉಡುಪನ್ನು ಮುಂದಿಟ್ಟಳು. ಯುದ್ಧಕಾಲದ ಅವಳ ನಡತೆ ಹೊಗಳುವಂಥದಲ್ಲ, ಆದರೆ ಈ ವಾದದಲ್ಲಿ ನಾನು ಅವಳ ಕಡೆ. ದಿಯೋರನ ಉಡುಪನ್ನು ಚಿತ್ರದಲ್ಲಿ ನೋಡುವಾಗ ಮಾತ್ರ ಈ ವಾದವೆಲ್ಲ ಮರೆತುಹೋಗುತ್ತದೆಂದು ಒಪ್ಪಿಕೊಳ್ಳಬೇಕು. ದಂತವರ್ಣದ ಆ ರೇಷ್ಮೆಯ ಅಂಗಿ, ಅದರ ಕೆಳಗೆ ನೆರಿಗೆಗಟ್ಟಿದ ಕಪ್ಪು ಉಣ್ಣೆಯ ಲಂಗ!

ಮುಂದಿನ ಹತ್ತು ವರ್ಷ ವರ್ಷಕ್ಕೆರಡು ಸಲ ಅವನು ಆಕಾರವನ್ನು ಬದಲಿಸಿದ. 1954ರಲ್ಲಿ 'ಎಚ್', 1955ರಲ್ಲಿ 'ಎ', ಬಳಿಕ 'ವೈ' ಎಂದು ಅಕ್ಷರಗಳನ್ನೇ ಉಡುಪಿಗೆ ಅಚ್ಚಾಗಿಸಿದ. ಕಿರಿದಾದ ಭುಜದಿಂದ ಕೆಳಗೆ ಅಗಲವಾಗುತ್ತ ಹೋಗುವ 'ಎ' ಇಂದಿಗೂ ಹೊಲಿಗೆಯ ಭಾಷೆಯಲ್ಲಿ ಉಳಿದಿದೆ. ಕಳೆದ ಋತುವಿನದನ್ನು ಹಳತೆನಿಸುವುದೇ ಈ ವ್ಯಾಪಾರದ ಗುಟ್ಟು. ಕೆಲಸಗಾರರ ಸಂಖ್ಯೆ ಸಾವಿರದಷ್ಟಾಯಿತು. ಆದರೆ ಆ ಮನೆಯ ಏಳಿಗೆ ಕೇವಲ ಹೊಲಿಗೆಯಿಂದ ಆದದ್ದಲ್ಲ. ಒಬ್ಬೊಬ್ಬರ ಅಳತೆಗೆ ಕೈಯಲ್ಲಿ ಹೊಲಿದು ಎಷ್ಟು ಜನಕ್ಕೆ ಮಾರಲಾದೀತು? ಪರದೇಶದ ವ್ಯಾಪಾರಿಗಳು ಒಳಗೆ ಬಂದು ನೋಡುವುದಕ್ಕೇ ಠೇವಣಿ ಕಟ್ಟಬೇಕಿತ್ತು. ಕೊಂಡ ಮಾದರಿಯನ್ನು ತಮ್ಮ ಊರಿನಲ್ಲಿ ನಕಲು ಮಾಡಿ ಮಾರುವ ಹಕ್ಕು ಅವರದು. ನೋಡುತ್ತ ಕುಳಿತು ಗುಟ್ಟಾಗಿ ಚಿತ್ರ ಬರೆದುಕೊಳ್ಳುವ ಕಳ್ಳರ ಕಾಟ ಬೇರೆ. 1947ರಲ್ಲೇ 'ಮಿಸ್ ದಿಯೋರ್' ಎಂಬ ಸುಗಂಧ ಬಂತು. ಆ ಹೆಸರು ತಂಗಿ ಕತ್ರೀನಳನ್ನು ನೆನೆದು ಇಟ್ಟದ್ದು. ಉಡುಪು ಕೊಳ್ಳಲಾಗದವಳು ಸೀಸೆಯನ್ನಾದರೂ ಕೊಳ್ಳಬಲ್ಲಳು. ಆಮೇಲೆ ಅಮೆರಿಕದ ಕಾಲುಚೀಲದ ಕಂಪನಿಯೊಂದು ದಿಯೋರನ ಹೆಸರನ್ನು ಬಳಸಲು 10,000 ಡಾಲರ್ ಕೊಡುತ್ತೇನೆಂದಾಗ, ಇಡಿಗಂಟು ಬೇಡ, ಮಾರಾಟವಾದ ಪ್ರತಿ ಜೊತೆಯ ಮೇಲೂ ಪಾಲು ಬೇಕು ಎಂದು ಈ ಮನೆ ಕೇಳಿ ಪಡೆಯಿತು. ಲೇಖಕನಿಗೆ ಗೌರವಧನ ಬರುವಂತೆ ಹೆಸರಿಗೆ ಗೌರವಧನ! ಹಳೆಯ ಉಡುಪುಕಾರರು ಇದು ಕಲೆಯ ಮಾನಗೇಡು ಎಂದು ಮೂಗು ಮುರಿದರು. ಆಮೇಲೆ ಅವರೂ ಅದೇ ದಾರಿ ಹಿಡಿದರು.

ದಿಯೋರ್ 1957ರ ಅಕ್ಟೋಬರ್ 24ರಂದು ಇಟಲಿಯ ಮೊಂತೆಕತೀನಿಯಲ್ಲಿ ಹೃದಯ ನಿಂತು ಸತ್ತ. ಅವನಿಗೆ 52 ವರ್ಷ. ತನ್ನ ಹೆಸರಿನ ಮನೆಯಲ್ಲಿ ಅವನು ದುಡಿದದ್ದು ಹತ್ತೇ ವರ್ಷ. ಅವನ ಕೈಕೆಳಗಿದ್ದ 21 ವರ್ಷದ ಈವ್ ಸಾನ್ ಲೋರಾನ್ ಆ ಪೀಠವನ್ನೇರಿದ. 1960ರಲ್ಲಿ ಅವನನ್ನು ಸೇನೆಗೆ ಕರೆದರು, ಮಾರ್ಕ್ ಬೊಆನ್ ಬಂದು 1989ರವರೆಗೆ ಇದ್ದ. ಬುಸಾಕನ ಗಿರಣಿಗಳು 1978ರಲ್ಲಿ ದಿವಾಳಿಯೆದ್ದವು. ದಿವಾಳಿಯಲ್ಲಿ ಬೆಲೆ ಕಳೆದುಕೊಳ್ಳದೆ ಉಳಿದದ್ದು ಈ ಹೆಸರು. 1984ರಲ್ಲಿ ಬೆರ್ನಾರ್ ಅರ್ನೋ ಎಂಬ ಉದ್ಯಮಿ ಬುಸಾಕನ ಮುಳುಗಿದ ಸಾಮ್ರಾಜ್ಯವನ್ನು ಕೈಗೆ ತೆಗೆದುಕೊಂಡದ್ದು ಮುಖ್ಯವಾಗಿ ಇದಕ್ಕಾಗಿ. ಹೆಂಗಸರಿಗಾಗಿಯೇ ಹುಟ್ಟಿದ ಆ ಮನೆಯ ವಿನ್ಯಾಸದ ಹೊಣೆ ಮೊದಲ ಬಾರಿಗೆ ಒಬ್ಬ ಹೆಂಗಸಿಗೆ, ಮರಿಯ ಗ್ರಾಟ್ಸಿಯ ಕ್ಯೂರಿಗೆ, ದೊರೆತದ್ದು 2016ರಲ್ಲಿ.

ಗ್ರಾನ್‌ವಿಲ್ಲಿನ ಆ ನಸುಗೆಂಪು ಮನೆ, ದಿವಾಳಿಯ ಕಾಲದಲ್ಲಿ ಕೈಬಿಟ್ಟದ್ದು, ಈಗ ವಸ್ತುಸಂಗ್ರಹಾಲಯ. ತಾಯಿಯ ತೋಟ ಊರಿನ ಉದ್ಯಾನ. ಅಲ್ಲಿಯ ಬಾಗಿಲ ಮೇಲೂ ಮಗನ ಹೆಸರೇ ಇದೆ.

2023ರ ಮಾರ್ಚ್ 30ರ ರಾತ್ರಿ ಆ ಮನೆ ತನ್ನ ಪ್ರದರ್ಶನವನ್ನು ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಡೆಸಿತು. ಪ್ಯಾರಿಸ್ಸಿನ ಹಲವು ಉಡುಪುಗಳ ಕಸೂತಿ ಬಹುಕಾಲದಿಂದ ಮುಂಬಯಿಯ ಕೆಲಸಮನೆಗಳಲ್ಲಿ ಆಗುತ್ತಿತ್ತು. ಕೊಂಡವರಿಗೆ ಅದು ಗೊತ್ತಿರಲಿಲ್ಲ, ಹೆಸರಿನ ಪಟ್ಟಿಯ ಮೇಲೆ ಅದಕ್ಕೆ ಜಾಗವೂ ಇರಲಿಲ್ಲ. ಅಂದು ಆ ಋಣವನ್ನು ಎಲ್ಲರೆದುರು ಒಪ್ಪಿಕೊಂಡರು. ಮಹಾದ್ವಾರಕ್ಕೆ ಚಾಣಕ್ಯ ಎಂಬ ಸಂಸ್ಥೆಯ ಕುಶಲಕರ್ಮಿಗಳು ಕಸೂತಿ ಮಾಡಿದ ಭಾರಿ ತೋರಣವನ್ನು ಕಟ್ಟಿದ್ದರು. ಗಂಡಸರ ಪಾಲಾಗಿದ್ದ ಆ ಕಸೂತಿವಿದ್ಯೆಯನ್ನು ಆ ಸಂಸ್ಥೆಯ ಶಾಲೆ ಹೆಣ್ಣುಮಕ್ಕಳಿಗೂ ಕಲಿಸುತ್ತಿದೆ. ಹಬ್ಬದ ದಿನ ನಮ್ಮ ಮನೆಯ ಬಾಗಿಲಿಗೆ ಕಟ್ಟುವಂಥದೇ ತೋರಣ, ಆನೆ, ಹುಲಿ, ಹೂವುಗಳ ಸಮೇತ. ಮರುದಿನದ ಪತ್ರಿಕೆಗಳಲ್ಲಿ ಬಂದ ಅದರ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ. ತೋರಣ ಹೊಲಿದವರ ಹೆಸರುಗಳು ಆ ಚಿತ್ರದ ಕೆಳಗೆ ಇರಲಿಲ್ಲ.